ಕಂಪನಿ ಸಾಕಾಂವ ಕಾಮಿಡಿ ಪಾತ್ರದಾಂವ

ನಾಟಕ, ಸಿನಿಮಾದ ಹಾಸ್ಯ ನಟ ರಾಜು ತಾಳಿಕೋಟಿ ತೀರಿಕೊಂಡಿದ್ದು 2025ರ ಅಕ್ಟೋಬರ್ 13ಕ್ಕ, ಉಡುಪಿ ಕಡೆ ಸಿನಿಮಾ ಶೂಟಿಂಗಿಗೆ ಅಂತ ಹೋಗಿದ್ದಾಗ. ಅವತ್ತು ಟಿವಿ, ವಾಟ್ಸಾಪು ಎಲ್ಲಿ ನೋಡಿದ್ರೂ ಮನಸಾರೆ, ಪಂಚರಂಗಿ, ಬಿಗ್ ಬಾಸ್ ಇವೇ ಹೆಸರು. ಅದೂ ಖರೆನ ಬಿಡ್ರಿ, ಆದ್ರ ನಮ್ಮ ಕೊಪ್ಪಳ, ರಾಯಚೂರು ಕಡೆ ಮಂದಿಗೆ ಅವ್ರು ಸಿನಿಮಾದಿಂದ ಗೊತ್ತಾದವ್ರಲ್ಲ. ಮನಸಾರೆ ಬಂದಿದ್ದು 2009ಕ್ಕ, ಅದಕ್ಕೂ ಎಷ್ಟೋ ಮೊದ್ಲ ಅವ್ರ ಕಲಿಯುಗದ ಕುಡುಕ ನಾಟಕದ ಕ್ಯಾಸೆಟ್ ನಮ್ಮ ಟಂಟಂದಾಗ, ಚಾದಂಗಡ್ಯಾಗ, ರಾತ್ರಿ ಹೊಲಕ್ಕ ನೀರು ಕಟ್ಟಾಕ ಹೋದವ್ರ ಟೇಪಿನ್ಯಾಗ ಓಡ್ತಿತ್ತು. ಸಿಂದಗಿ ಕಡೆ ಮನುಷ್ಯ, ಅಪ್ಪನಿಂದ ಬಂದ ಖಾಸ್ಗತೇಶ್ವರ ನಾಟ್ಯ ಸಂಘ ನಡೆಸ್ಕೋಂತ ಊರೂರು ಕ್ಯಾಂಪ್ ಹಾಕಿದಾಂವ, ಕಡೀಕ ಧಾರವಾಡ ರಂಗಾಯಣಕ್ಕ ನಿರ್ದೇಶಕ ಆದ. ಇಂಥವ್ರನ್ನ ಬರೇ 'ಕಾಮಿಡಿ ನಟ' ಅಂತ ಒಂದ ಮಾತಿನ್ಯಾಗ ಮುಗಿಸಿಬಿಟ್ರ ನನಗ ಭಾಳ ಸಂಕಟ ಆಗತೈತಿ, ಅದಕ್ಕ ಇದನ್ನ ಬರಿಯಾಕತ್ತೀನಿ.

ಊರೂರು ತಿರುಗಿ ಟಿಕೇಟಿಟ್ಟು ಆಡೋ ಕಂಪನಿ ನಾಟಕ ಒಳಗಿಂದ ನೋಡಿದವ್ರಿಗೆ ಗೊತ್ತಿರತೈತಿ, ಅಲ್ಲಿ ಇಡೀ ಕಂಪನಿ ಹೊಟ್ಟಿ ನಿಂತಿರೋದು ಕಾಮಿಡಿ ಪಾತ್ರದಾಂವನ ಮ್ಯಾಲೆ. ಮುಂಜಾನಿ ಮೈಕಿನ ಆಟೋದಾಗ ಒದರೋದು ಅವನ ಹೆಸರು, ಬ್ಯಾನರ್‌ನಾಗ ದೊಡ್ಡ ಫೋಟೋ ಅವಂದು. ಹೀರೋಗ ಜ್ವರ ಬಂದ್ರ ಇನ್ನೊಬ್ಬ ಹುಡುಗಗ ಬಣ್ಣ ಹಚ್ಚಿ ನಿಂದ್ರಿಸಿ ಹೆಂಗೋ ಆಟ ಮುಗಿಸ್ತಾರ, ಕಾಮಿಡಿಯಾಂವ ಮಲಗಿದ್ರ ಮಾಲಕರಿಗೆ ಕೈಕಾಲು ಆಡೂದಿಲ್ಲ. ಜಾತ್ರಿ ಟೈಮಿನ್ಯಾಗ ದಿನಕ್ಕ ಎರಡು ಮೂರು ಆಟ ಇರ್ತಾವ, ತಗಡಿನ ಥೇಟರ್‌ನಾಗ ಮಧ್ಯಾಹ್ನದ ಆಟಕ್ಕ ಒಳಗ ಕುಂತವ್ರಿಗೇ ಜೀವ ಹೋದಂಗ ಆಗಿರತೈತಿ, ಅಂಥಾದ್ರಾಗ ಆ ಮನುಷ್ಯ ಸ್ವೆಟರ್ ಹಾಕ್ಕೊಂಡು, ಹೊಟ್ಟಿಗೆ ದಿಂಬು ಕಟ್ಕೊಂಡು ಕುಣೀಬೇಕು, ಮತ್ತ ಮೊದಲನೇ ಆಟದಾಗ ಹೆಂಗ ಕುಣಿದ್ನೋ ರಾತ್ರಿ ಆಟಕ್ಕೂ ಹಂಗ ಕುಣೀಬೇಕು ಯಾಕಂದ್ರ ರಾತ್ರಿ ಬಂದವ್ರೂ ರೊಕ್ಕ ಕೊಟ್ಟ ಬಂದಿರ್ತಾರ.

ಇನ್ನ ಅವನ ಮಾತಿನ ವಿಚಾರ. ಅದು ಬರದಿಟ್ಟಿದ್ದಲ್ಲರಿ. ಕಥಿ ಬರದಿರತೈತಿ, ಹೀರೋನ ಡೈಲಾಗ್ ಬರದಿರತೈತಿ, ಕಾಮಿಡಿ ಸೀನಿಗೆ ಬಂದ್ರ ಅರ್ಧಕ್ಕರ್ಧ ಅವಂದ ಸ್ವಂತದ್ದು. ಸಿಂಧನೂರಾಗ ಕ್ಯಾಂಪ್ ಇದ್ರ ಕಾಲುವಿ ನೀರು ಕೆಳಗಿನ ರೈತ್ರಿಗೆ ಮುಟ್ಟಿಲ್ಲ ಅನ್ನೋದು ಮಾತಿನ್ಯಾಗ ಬರತೈತಿ, ಭತ್ತದ ರೇಟು ಬರತೈತಿ, ಅದ ನಾಟಕ ಕುಷ್ಟಗಿಗೆ ಹೋದ್ರ ಬೋರು ಫೇಲ್ ಆಗಿದ್ದು, ದಾಳಿಂಬ್ರಿಗೆ ರೋಗ ಬಿದ್ದಿದ್ದು. 2024ರ ಆಗಸ್ಟಿನ್ಯಾಗ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋತಲ್ಲ, ಎಲ್ಲಾರಿಗೂ ಹೊಟ್ಯಾಗ ಬೆಂಕಿ ಬಿದ್ದಿತ್ತು. ಅದಾದ ಮ್ಯಾಲೆ ಒಂದು ನಾಟಕದಾಗ ಒಬ್ಬ ಕಲಾವಿದ ಸೀನಿನ ನಡುವ "ಡ್ಯಾಮಿನ ಗೇಟ್ ಹೋದ್ರ ನಿಮ್ಮ ಬೆಳಿ ಹೋಗತೈತಿ ಯಜಮಾನ್ರ, ನಿಮ್ಮ ಬೆಳಿ ಹೋದ್ರ ನಮ್ಮ ಗೇಟಿಗೆ ಯಾರ್ ಬರ್ತೀರಿ" ಅಂದ. ಮಂದಿ ಬಿದ್ದ ಬಿದ್ದ ನಕ್ರು, ನನ್ನ ಬಾಜೂ ಕುಂತಿದ್ದ ಮುದುಕಪ್ಪ ಮಾತ್ರ ನಗಲಿಲ್ಲ, "ಖರೆ ಹೇಳ್ದ ನೋಡು ತಮ್ಮಾ" ಅಂದ. ಇಂಥಾ ಮಾತು ಆ ಊರಿನ ಚಾದಂಗಡ್ಯಾಗ ಮುಂಜಾನಿ ಕುಂತು ಕೇಳಿದಾಂವಗಷ್ಟ ಹೊಳಿತಾವ.

ಡಬಲ್ ಮೀನಿಂಗ್ ಬಗ್ಗೆ ಕೇಳ್ತಾರ ಎಲ್ಲಾರೂ. ಐತಿ, ನನಗೂ ಅದು ಹಿಡಿಸೂದಿಲ್ಲ, ಕೆಲವು ನಾಟಕದ ಹೆಸರು ಓದಿದ್ರ ಮನಿ ಹೆಣಮಕ್ಕಳನ್ನ ಕರ್ಕೊಂಡು ಹೋಗಾಕ ಆಗೂದಿಲ್ಲ. ಆದ್ರ ಮೊಬೈಲ್ ಬಂದ ಮ್ಯಾಲೆ ಗೇಟ್ ಕಲೆಕ್ಷನ್ ಬಿದ್ದು, ಜಾಗದ ಬಾಡಿಗಿ ಕರೆಂಟ್ ಬಿಲ್ ಏರಿ, ಬಾಜೂ ಥೇಟರ್‌ದಾಂವ ಹಂಗ ಮಾಡ್ಯಾನ ನೀವೂ ಮಾಡ್ರಿ ಅಂತ ಶಿಳ್ಳಿ ಹೊಡಿಯೋರು ನಾವ ಇದ್ದಾಗ, ತಪ್ಪು ಬರೇ ಸ್ಟೇಜ್ ಮ್ಯಾಲಿನವಂದ ಅಂದ್ರ ನಾ ಒಪ್ಪೂದಿಲ್ಲ.

ಸಿನಿಮಾದವ್ರ ಮ್ಯಾಲೆ ನನ್ನ ಸಿಟ್ಟು ಬ್ಯಾರೆನ ಐತಿ. ಕಂಪನಿ ನಾಟಕದಾಗ ಹೀರೋ ಪುಸ್ತಕದ ಕನ್ನಡ ಒದರ್ತಿರ್ತಾನ, ಕಾಮಿಡಿಯಾಂವ ಒಬ್ಬನ ನಮ್ಮ ಮನಿ ಮಾತು ಆಡ್ತಾನ, ಅದಕ್ಕ ಅಂವ ನಮ್ಮಂವ ಅನಸ್ತಾನ, ನಾವು ಅವನ ಕೂಡ ನಗ್ತೀವಿ. ಅದ ಮನುಷ್ಯ ಬೆಂಗಳೂರಿಗೆ ಹೋದ್ರ ಅವನ ಮಾತಿನ ಧಾಟಿನ ಕಾಮಿಡಿ ಮಾಡಿಬಿಡ್ತಾರ, ಎರಡು ಸೀನು, ಕುಡುಕನ ಪಾತ್ರ, ನಾಕು ಬೈಗುಳ, ಮುಗೀತು. ಹಿಂದಕ ಹಿಂಗಿರಲಿಲ್ಲ. ನರಸಿಂಹರಾಜು ಅವ್ರೂ ಕಂಪನಿ ನಾಟಕದಿಂದನ ಬಂದವ್ರು, 1954ರ ಬೇಡರ ಕಣ್ಣಪ್ಪದಾಗ ರಾಜಕುಮಾರ್ ಜೋಡಿ ಕಾಣಿಸ್ಕೊಂಡ್ರು, 1967ಕ್ಕ ನೂರು ಸಿನಿಮಾ ಮುಗಿಸಿದ್ರು, ಅವ್ರ ಡೇಟ್ ಸಲುವಾಗಿ ಕಾಯೋ ಕಾಲ ಇತ್ತು.

ವೈಜನಾಥ ಬಿರಾದಾರ ಅವ್ರನ್ನ ನೋಡ್ರಿ. ಬೀದರ ಕಡಿಯವ್ರು, ಎಷ್ಟು ವರ್ಷ ಭಿಕ್ಷುಕ, ಕುಡುಕ ಇವೇ ಪಾತ್ರ ಕೊಟ್ರು ಅವ್ರಿಗೆ. 2010ರಾಗ ಗಿರೀಶ ಕಾಸರವಳ್ಳಿ ಕನಸೆಂಬೋ ಕುದುರೆಯನೇರಿ ಸಿನಿಮಾದಾಗ ಹೆಣ ಹೂಳಾಕ ಕುಣಿ ತೋಡೋ ಈರ್ಯಾನ ಪಾತ್ರ ಕೊಟ್ರು, ಉಮಾಶ್ರೀ ಜೋಡಿ. ಕಥಿ ನಮ್ಮ ರಾಯಚೂರು ಜಿಲ್ಲೆಯ ಅಮರೇಶ ನುಗಡೋಣಿಯವ್ರದು, ಅದನ್ನ ನೆನಸಿದ್ರ ನನಗ ಎದಿ ಉಬ್ಬತೈತಿ. ಆ ಪಾತ್ರಕ್ಕ ಸ್ಪೇನ್ ದೇಶದ ಚಿತ್ರೋತ್ಸವದಾಗ ಬಿರಾದಾರ ಅವ್ರಿಗೆ ಬೆಸ್ಟ್ ಆ್ಯಕ್ಟರ್ ಅಂತ ಪ್ರಶಸ್ತಿ ಬಂತು. ಬೆಸ್ಟ್ ಕಾಮಿಡಿಯನ್ ಅಂತಲ್ರಿ, ಬೆಸ್ಟ್ ಆ್ಯಕ್ಟರ್. ನಗಿಸೋ ಮನುಷ್ಯಾಗ ಇಷ್ಟು ಶಕ್ತಿ ಇರತೈತಿ ಅಂತ ಗೊತ್ತಾದ ಮ್ಯಾಲಾದ್ರೂ ಅಂಥಾ ಪಾತ್ರ ಸಾಲು ಹಚ್ಚಿ ಬರಬೇಕಿತ್ತು, ಬರಲಿಲ್ಲ.

ಬಳ್ಳಾರಿಯೊಳಗ ರಾಘವರ ಹೆಸರಿಲೆ ಕಲಾಮಂದಿರ ಐತಿ, ಇರಬೇಕು, ಅಂಥಾ ನಟ ಅವ್ರು. ನಗಿಸಿದವ್ರ ಹೆಸರಿಲೆ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಾಗ ಒಂದು ಸಣ್ಣ ಸ್ಟೇಜ್ ಆದ್ರೂ ಆಗಬೇಕು ಅಂತ ನನ್ನ ಆಸೆ. ಅದಕ್ಕಿಂತ ಅರ್ಜೆಂಟ್ ಕೆಲಸ ಇನ್ನೊಂದೈತಿ. ವಯಸ್ಸಾದ ಹಾಸ್ಯ ಕಲಾವಿದ್ರು ಇನ್ನೂ ಅದಾರ, ಮಳಿಗಾಲದಾಗ ಕಂಪನಿ ಬಂದ್ ಆದ್ರ ಕೂಲಿಗೆ ಹೋಗೋರು, ಮಾಸಾಶನದ ಅರ್ಜಿ ಹಿಡ್ಕೊಂಡು ಆಫೀಸಿಗೆ ಅಡ್ಡಾಡೋರು. ಅವ್ರ ಮಾತು ಎಲ್ಲೂ ಬರದಿಟ್ಟಿಲ್ಲ ಅಂತ ಆಗಲೇ ಹೇಳಿದ್ನಲ್ಲ, ಅವ್ರನ್ನ ಕುಂದ್ರಿಸಿ ಪೂರಾ ಪೂರಾ ಸೀನು ವಿಡಿಯೋ ಮಾಡಿ ಇಡಬೇಕು, ಯೂನಿವರ್ಸಿಟಿಯವ್ರು ಮಾಡ್ಲಿ, ಅಕಾಡೆಮಿಯವ್ರು ಮಾಡ್ಲಿ, ಇಲ್ಲಾಂದ್ರ ನಾವ ಫೋನಿನ್ಯಾಗ ಮಾಡೂಣು. ನಿಮ್ಮ ಊರಾಗ ಇಂಥಾ ಹಿರಿಯರು ಇದ್ರ, ಇಲ್ಲಾ ಮನ್ಯಾಗ ಹಳೇ ನಾಟಕದ ಕ್ಯಾಸೆಟ್, ಹ್ಯಾಂಡ್‌ಬಿಲ್ ಉಳದಿದ್ರ ನನಗೊಂದು ಮೆಸೇಜ್ ಹಾಕ್ರಿ, ನಾ ಬರ್ತೀನಿ, ಮೈಕ್ ಸ್ಟ್ಯಾಂಡ್ ಎಲ್ಲಾ ನಂದ ತರ್ತೀನಿ.