ಗೇಟಿಗೆ ಬೀಗ, ಮೋರಿಗೆ ಮಣ್ಣು

ಕಾಡಿನ ರಸ್ತೆಗೆ ಹಾಕಿದ ಆ ಗೇಟಿನ ಸರಪಳಿಯಲ್ಲಿ ಐದು ಬೀಗ ಇದ್ದವು. ಒಂದರ ಕೊಂಡಿಗೆ ಇನ್ನೊಂದನ್ನು ಹಾಕಿ ಸಾಲಾಗಿ ಜೋಡಿಸಿದ್ದರು. ಒಂದು ಫಾರೆಸ್ಟ್‌ನವರದು, ಒಂದು ನಾಟಾ ಕಡಿಯುವವರದು, ಒಂದು ಕರೆಂಟಿನವರದು, ಇನ್ನೆರಡು ಯಾರದೋ. ಯಾರು ತಮ್ಮ ಬೀಗ ತೆಗೆದರೂ ಗೇಟು ತೆರೆಯುತ್ತದೆ. ನಮ್ಮ ಹತ್ತಿರ ಯಾವ ಕೀಲಿಯೂ ಇರಲಿಲ್ಲ.

ಪಕ್ಕದ ಕಂಬಕ್ಕೆ ಪ್ಲಾಸ್ಟಿಕ್ ಹಾಳೆಯೊಳಗೆ, ಬೆಂಕಿಗೆ ಸುಟ್ಟ ಕಾಡನ್ನು ಮುಚ್ಚಿರುವ ಒಂದು ಆದೇಶ ಹೊಡೆದಿದ್ದರು. ಬಿಸಿಲಿಗೆ ಶಾಯಿ ಮಾಸಿ ನಕ್ಷೆ ಪೂರ್ತಿ ತಿಳಿನೀಲಿ ಆಗಿತ್ತು. ಒಳಗೆ ಹೋದರೆ 5,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಜೈಲು. ಅಷ್ಟು ಮಾತ್ರ ಸರಿಯಾಗಿ ಓದಲು ಬರುತ್ತಿತ್ತು.

ನನ್ನ ಜೊತೆ ಬಂದಿದ್ದವರು ನಮ್ಮ ಪಕ್ಕದ ಮನೆ ತಾತ. ಎಪ್ಪತ್ತೆಂಟು ವರ್ಷ. ಎರಡೂ ಮಂಡಿ ಆಪರೇಷನ್ ಆಗಿದೆ. ಕೌಂಟಿಯ ರಸ್ತೆ ವಿಭಾಗದಲ್ಲಿ ಮೂವತ್ತು ವರ್ಷ ಗ್ರೇಡರ್, ಅಂದರೆ ರಸ್ತೆ ಮಟ್ಟ ಮಾಡುವ ಯಂತ್ರ, ಓಡಿಸಿದವರು. ಚಿಕ್ಕ ಹುಡುಗ ಇದ್ದಾಗಿನಿಂದ ಅಕ್ಟೋಬರ್ ಬಂದರೆ ಅವರ ಅಪ್ಪನ ಜೊತೆ ಇದೇ ರಸ್ತೆಯಲ್ಲಿ ಹೋಗಿ, ಒಂದೇ ಜಾಗದಲ್ಲಿ ಟೆಂಟ್ ಹಾಕುತ್ತಿದ್ದರಂತೆ. ಗೇಟು ನೋಡಿದರು. ಏನೂ ಮಾತಾಡಲಿಲ್ಲ. ಪಿಕಪ್ ತಿರುಗಿಸಿದರು.

ಅವತ್ತಿನಿಂದ ಇದನ್ನು ಬರೀಬೇಕು ಅಂತ ಮನಸ್ಸಲ್ಲಿತ್ತು.

ನಾನು ಕೊಡಗಿನವಳು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಇರುತ್ತೇನೆ. ಇಲ್ಲಿ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಬೇಟೆಗೆ ಹೋಗುತ್ತೇನೆ. ಓದುತ್ತಿರುವ ಕೆಲವರಿಗೆ ಇದು ಇಷ್ಟ ಆಗಲ್ಲ, ಗೊತ್ತು. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಅದು ಸರಿಯಾಗಿಯೇ ನಿಂತಿತು ಅಂತಲೇ ನಾನು ನಂಬಿದವಳು. ಕೋವಿ ಮನೆಯಲ್ಲಿ ಉಳಿಯಿತು, ನಮ್ಮ ಆಯುಧದ ಹಬ್ಬ ಕೈಲ್‌ಪೊಳ್ದ್ ದಿನ ಪೂಜೆಗೆ, ತೆಂಗಿನಕಾಯಿಗೆ ಗುರಿ ಇಡೋದಕ್ಕೆ. ಇಲ್ಲಿನ ಲೆಕ್ಕ ಬೇರೆ. ಎಷ್ಟು ಜಿಂಕೆ ಇದೆ ಅಂತ ಅಂದಾಜು ಮಾಡಿ, ಯಾವ ವಲಯದಲ್ಲಿ ಎಷ್ಟು ಜನ ಹೋಗಬಹುದು ಅಂತ ರಾಜ್ಯದ ವನ್ಯಜೀವಿ ಇಲಾಖೆ ಟ್ಯಾಗ್, ಅಂದರೆ ಬೇಟೆಯ ಪರವಾನಗಿ ಚೀಟಿ, ಕೊಡುತ್ತದೆ. ಗುಂಡಿನ ಮೇಲೆ, ಉದ್ದ ಬಂದೂಕಿನ ಮೇಲೆ ನೂರಕ್ಕೆ 11ರಷ್ಟು ತೆರಿಗೆ ಇದೆ. 1937ರ ಕಾನೂನಿನ ಪ್ರಕಾರ ಆ ದುಡ್ಡು ವನ್ಯಜೀವಿ ರಕ್ಷಣೆಗೆ ಹೋಗುತ್ತದೆ. ಸೀಸದ ಗುಂಡು ಈ ರಾಜ್ಯದಲ್ಲಿ 2019ರ ಜುಲೈನಿಂದ ಪೂರ್ತಿ ಬಂದ್. ಇಷ್ಟು ಕಟ್ಟುಪಾಡಿನ ಒಳಗೆ ನಡೆಯುವ ಬೇಟೆ ಇದು.

ಒಳ್ಳೆಯ ವಲಯಗಳ ಟ್ಯಾಗ್ ಸುಲಭಕ್ಕೆ ಸಿಗಲ್ಲ. ವರ್ಷ ವರ್ಷ ಅರ್ಜಿ ಹಾಕಿ, ಸಿಗದೇ ಇದ್ದಾಗ ಪಾಯಿಂಟ್ ಕೂಡಿಸಿಕೊಳ್ಳಬೇಕು. ಪಾಯಿಂಟ್ ಹೆಚ್ಚಾದಷ್ಟೂ ಮುಂದೆ ಸಿಗುವ ಸಾಧ್ಯತೆ ಹೆಚ್ಚು. 2021ರಲ್ಲಿ ತಾತನಿಗೂ ನನಗೂ ಒಟ್ಟಿಗೆ ಸಿಕ್ಕಿತು. ಅವರು ಅವತ್ತು ರಾತ್ರಿಯೇ ಗ್ಯಾರೇಜಿನಿಂದ ಹಳೇ ಟೆಂಟ್ ತೆಗೆದು ಅಂಗಳದಲ್ಲಿ ಹರಡಿ, ತೂತು ಇದೆಯಾ ಅಂತ ಟಾರ್ಚ್ ಹಿಡಿದು ನೋಡುತ್ತಿದ್ದರು.

ಜುಲೈ 13ಕ್ಕೆ ಫೆದರ್ ನದಿಯ ಕಣಿವೆಯಲ್ಲಿ ಬೆಂಕಿ ಬಿತ್ತು. ಕರೆಂಟ್ ತಂತಿಗೆ ಮರ ತಾಗಿ ಹತ್ತಿದ ಬೆಂಕಿ ಅಂತ ಆಮೇಲೆ ತನಿಖೆಯಲ್ಲಿ ಗೊತ್ತಾಯಿತು. ಆ ಗೇಟಿನ ಆಚೆಯ ಕಾಡು ಸುಟ್ಟದ್ದು ಇದರಲ್ಲೇ, ಡಿಕ್ಸಿ ಬೆಂಕಿ ಅಂತ ಅದರ ಹೆಸರು. ಆಗಸ್ಟ್ 4ರಂದು ಗ್ರೀನ್‌ವಿಲ್ ಅನ್ನುವ ಹಳೇ ಊರು ಸುಟ್ಟುಹೋಯಿತು. ಸಿಯೆರಾ ನೆವಾಡ ಬೆಟ್ಟಸಾಲಿನ ನೆತ್ತಿ ದಾಟಿ ಆ ಕಡೆ ಇಳಿದ ಮೊದಲ ಬೆಂಕಿ ಇದೇ ಅಂತಾರೆ. ಅಕ್ಟೋಬರ್ 25ಕ್ಕೆ ಹತೋಟಿಗೆ ಬರುವ ಹೊತ್ತಿಗೆ 9,63,309 ಎಕರೆ ಸುಟ್ಟಿತ್ತು. ಅಂದರೆ ಸುಮಾರು 3,900 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆ ಇರೋದೇ 4,102. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ತೋಟ, ಗದ್ದೆ, ಕಾಡು ಎಲ್ಲ ಸೇರಿಸಿ ಕಣ್ಣು ಮುಚ್ಚಿ ನೆನೆಸಿಕೊಳ್ಳಿ. ನನಗೆ ಅದನ್ನು ಪೂರ್ತಿ ನೆನೆಸಿಕೊಳ್ಳೋಕೆ ಈಗಲೂ ಆಗಲ್ಲ.

ಆ ವರ್ಷ ಆಗಸ್ಟ್ 31ರಿಂದ ಸೆಪ್ಟೆಂಬರ್ 15ರವರೆಗೆ ಈ ರಾಜ್ಯದ ರಾಷ್ಟ್ರೀಯ ಅರಣ್ಯಗಳನ್ನು ಹೆಚ್ಚು ಕಡಿಮೆ ಎಲ್ಲವನ್ನೂ ಮುಚ್ಚಿದರು. ಸುಮಾರು 2 ಕೋಟಿ ಎಕರೆ. ಊರಲ್ಲಿ ಹಬ್ಬಕ್ಕೆ ಅಪ್ಪ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಇಟ್ಟು ಫೋಟೋ ಕಳಿಸಿದ್ದು ಅದೇ ವಾರ. ಇಲ್ಲಿ ನಮಗೆ ಕಿಟಕಿ ತೆಗೆಯೋಕೂ ಆಗದಷ್ಟು ಹೊಗೆ. ಮುಚ್ಚಿದ್ದು ತಪ್ಪು ಅಂತ ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸಲ್ಲ. ಬೆಂಕಿ ಆರಿಸುವವರ ಲಾರಿಗಳು ಬರುವ ದಾರಿಯಲ್ಲಿ ನಮ್ಮ ಪಿಕಪ್ ನಿಲ್ಲಬಾರದು. ಹೋಗೋಕೆ ಆಗದವರಿಂದ ಟ್ಯಾಗ್ ವಾಪಸ್ ತೆಗೆದುಕೊಂಡು ಪಾಯಿಂಟ್ ಮರಳಿಸುವ ವ್ಯವಸ್ಥೆಯನ್ನೂ ವನ್ಯಜೀವಿ ಇಲಾಖೆ ಮಾಡಿತು. ಒಳ್ಳೇ ಕೆಲಸ. ಆದರೆ ಎಪ್ಪತ್ತು ದಾಟಿದವರಿಗೆ ಪಾಯಿಂಟ್ ಮರಳಿಸಬಹುದು, ಆ ಅಕ್ಟೋಬರ್ ಮರಳಿಸೋಕೆ ಆಗಲ್ಲ ಅಲ್ವಾ.

ನನ್ನ ತಕರಾರು ಇರೋದು ಬೆಂಕಿ ಆರಿದ ನಂತರದ ಮಾತಿಗೆ.

ಸುಟ್ಟ ಕಾಡು ಅಪಾಯದ ಜಾಗ. ಇದನ್ನು ಬೇಟೆಗಾರರೇ ಎಷ್ಟೋ ಸಲ ಸದರ ಮಾಡುತ್ತಾರೆ. ಮರ ನಿಂತಿರುತ್ತದೆ, ಬುಡದಲ್ಲಿ ಬೇರು ಸುಟ್ಟಿರುತ್ತದೆ. ಗಾಳಿಯೇ ಇಲ್ಲದ ಹೊತ್ತಲ್ಲಿ ಧಡ್ ಅಂತ ಬೀಳುತ್ತದೆ. ಗೇಟಿನಿಂದ ವಾಪಸ್ ಬರುವಾಗ ಹೆದ್ದಾರಿ ಪಕ್ಕ ಚಹಾ ಕುಡಿಯೋಕೆ ನಿಲ್ಲಿಸಿದ್ದೆವು. ಹತ್ತು ನಿಮಿಷದಲ್ಲಿ ಎದುರು ಗುಡ್ಡದಿಂದ ಅಂಥ ಎರಡು ಸದ್ದು ಕೇಳಿದೆ. ಒಂದೆಲೆಯೂ ಅಲುಗುತ್ತಿರಲಿಲ್ಲ. ಅಲುಗೋಕೆ ಎಲೆಯೇ ಇರಲಿಲ್ಲ ಬಿಡಿ. ನೆಲದಲ್ಲೂ ಮೋಸ ಇದೆ. ಮರದ ಬೊಡ್ಡೆ ನೆಲದೊಳಗೇ ಉರಿದು ಗುಂಡಿ ಆಗಿ, ಮೇಲೆ ಬೂದಿ ತುಂಬಿ ಮಟ್ಟ ಆಗಿರುತ್ತದೆ. ಕಾಲಿಟ್ಟರೆ ತೊಡೆಯವರೆಗೆ ಇಳಿಯುತ್ತದೆ.

ಮಳೆ ಬಂದರೆ ಇನ್ನೊಂದು ಕಥೆ. ಜೋರಾಗಿ ಸುಟ್ಟ ಮಣ್ಣು ನೀರು ಕುಡಿಯಲ್ಲ, ಮೇಣ ಹಚ್ಚಿದ ಹಾಗೆ ಹರಿಸಿಬಿಡುತ್ತದೆ. ಕಲ್ಲು, ಕೊರಡು, ಬೂದಿ ಎಲ್ಲ ಒಟ್ಟಿಗೆ ಇಳಿದು ಬರುತ್ತವೆ. ಡಿಕ್ಸಿ ಇನ್ನೂ ಪೂರ್ತಿ ಆರುವ ಮೊದಲೇ, 2021ರ ಅಕ್ಟೋಬರ್ 24ರ ದೊಡ್ಡ ಮಳೆಗೆ, ಸುಟ್ಟ ಗುಡ್ಡ ಜಾರಿ 70ನೇ ಹೆದ್ದಾರಿಯೇ ಬಂದ್ ಆಯಿತು. ದೊಡ್ಡ ಡಾಂಬರು ರಸ್ತೆಯ ಗತಿಯೇ ಹೀಗಾದರೆ ಕಾಡಿನ ಮಣ್ಣು ರಸ್ತೆ ಎಷ್ಟರದು? 2018ರಲ್ಲಿ ನಮ್ಮ ಮಕ್ಕಂದೂರಿನ ಗುಡ್ಡಗಳು ಜಾರಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬೆಂಕಿ ಇರಲಿಲ್ಲ, ಕಾರಣ ಬೇರೆ. ಮಣ್ಣು ಇಳಿಯುವಾಗಿನ ಭಯ ಮಾತ್ರ ಅದೇ.

ಹಾಗಾಗಿ ಮೊದಲ ಚಳಿಗಾಲ ಮುಚ್ಚಲಿ. ಒಪ್ಪಿದೆ. ಇಡೀ ಬೆಟ್ಟ ಮುಚ್ಚಲಿ. ಆಮೇಲೆ? ಲಕ್ಷಗಟ್ಟಲೆ ಎಕರೆಗೆ ಒಂದೇ ಹಾಳೆಯ ಆದೇಶ, ಅದರ ಅವಧಿ ಮುಗಿದರೆ ಇನ್ನೊಂದು ಹಾಳೆ. ಇದು ನನಗೆ ಸರಿ ಕಾಣಲ್ಲ. ಡಿಕ್ಸಿಯ ಒಳಗೇ ಚೆನ್ನಾಗಿ ಉಳಿದ ಕಾಡಿದೆ, ನೆಲದ ತರಗು ಮಾತ್ರ ಸುಟ್ಟು ಮರ ಬದುಕಿರುವ ಜಾಗ ಇದೆ, ಕಡ್ಡಿ ಕಡ್ಡಿ ಆಗಿರುವ ಜಾಗವೂ ಇದೆ. ಬೆಂಕಿ ಒಂದೇ ಸಮ ಸುಡಲ್ಲ. ರಸ್ತೆಗಳೂ ಒಂದೇ ಸಮ ಕೆಟ್ಟಿರಲ್ಲ. ಒಂದರಲ್ಲಿ ಮರ ಬಾಗಿದೆ, ಇನ್ನೊಂದರಲ್ಲಿ ಮೋರಿ ಕಟ್ಟಿಕೊಂಡಿದೆ, ಮೂರನೆಯದರಲ್ಲಿ ಏನೂ ಆಗಿಲ್ಲ.

ಯಾವ ರಸ್ತೆ ಯಾವ ಕಾರಣಕ್ಕೆ ಮುಚ್ಚಿದೆ ಅಂತ ಕೇಳೋಕೆ ಒಂದು ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ಫೋನ್ ಎತ್ತಿದ ಹುಡುಗಿ ಮೂರು ಸಲವೂ ಮರ್ಯಾದೆಯಿಂದಲೇ ಮಾತಾಡಿದಳು. ಸುರಕ್ಷತೆಗಾಗಿ ಮುಚ್ಚಿದೆ ಅಂದಳು. ಯಾವ ಅಪಾಯ, ಎಷ್ಟನೇ ಮೈಲಿಯಲ್ಲಿ, ಸರಿ ಮಾಡೋಕೆ ಏನು ಬೇಕು ಅಂತ ಕೇಳಿದರೆ ಉತ್ತರ ಇರಲಿಲ್ಲ. ಆ ಹುಡುಗಿಯ ತಪ್ಪಲ್ಲ ಅದು. ಅವಳ ಮುಂದೆ ಆ ಪಟ್ಟಿಯೇ ಇರಲಿಲ್ಲ.

ದುಡ್ಡಿನ ಕಷ್ಟ ನಿಜವಾದದ್ದು. ಈ ದೇಶದ ರಾಷ್ಟ್ರೀಯ ಅರಣ್ಯಗಳಲ್ಲಿ ಸುಮಾರು 3,70,000 ಮೈಲಿ ರಸ್ತೆ ಇದೆ. ಬಹುಪಾಲು ಎತ್ತರದ ಗಾಡಿ ಮಾತ್ರ ಹೋಗುವ ಮಣ್ಣುದಾರಿ. 1995ರಲ್ಲಿ ಈ ಕಾಡುಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವಿಸ್ ಬಜೆಟ್‌ನಲ್ಲಿ ಬೆಂಕಿಗೆ ಹೋಗುತ್ತಿದ್ದದ್ದು ನೂರಕ್ಕೆ 16. 2015ಕ್ಕೆ ಅದು ಅರ್ಧ ದಾಟಿತು. ಬೆಂಕಿ ಆರಿಸೋಕೇ ಅಷ್ಟು ಖರ್ಚಾದರೆ ಮೋರಿ ಕ್ಲೀನ್ ಮಾಡೋಕೆ ಎಲ್ಲಿಂದ ಬರಬೇಕು? 2018ರಲ್ಲಿ ಕಾಯ್ದೆ ತಿದ್ದಿ ಬೆಂಕಿಯ ದುಡ್ಡಿಗೆ ಬೇರೆ ದಾರಿ ಮಾಡಿದರು. ಆದರೂ ಅಷ್ಟು ವರ್ಷ ನಿಂತುಹೋದ ಕೆಲಸ ಒಂದು ತಿದ್ದುಪಡಿಗೆ ಮುಗಿಯುತ್ತಾ?

ಇನ್ನೊಂದು ತೊಡಕು ಕೋರ್ಟಿನದು. 2018ರಲ್ಲಿ ಮೆಂಡೊಸಿನೊ ಕಾಡಿನಲ್ಲಿ ರಾಂಚ್ ಬೆಂಕಿ ಆಯಿತು. ಆಮೇಲೆ ರಸ್ತೆಯ ಎರಡೂ ಬದಿ 200 ಅಡಿವರೆಗಿನ ಸುಟ್ಟ ಮರ ಕಡಿದು ಮಾರುವ ಯೋಜನೆಗೆ ‘ರಸ್ತೆ ರಿಪೇರಿ’ ಅಂತ ಹೆಸರಿಟ್ಟು, ಪರಿಸರದ ಪರಿಶೀಲನೆ ಇಲ್ಲದೇ ಮುಂದೆ ಹೋದರು. ಪರಿಸರದವರು ಕೇಸು ಹಾಕಿದರು. 2020ರಲ್ಲಿ ಮೇಲ್ಮನವಿ ಕೋರ್ಟು ಅವರ ಪರ ನಿಂತಿತು. ನನ್ನ ಬೇಟೆಯ ಗೆಳೆಯರಲ್ಲಿ ಕೆಲವರಿಗೆ ಈ ತೀರ್ಪಿನ ಮೇಲೆ ಕೋಪ, ಇವರಿಂದಲೇ ರಸ್ತೆ ತೆರೆಯುತ್ತಿಲ್ಲ ಅಂತಾರೆ. ನಾನು ಒಪ್ಪಲ್ಲ. ರಸ್ತೆಗೆ ಬೀಳುವಂತಿರುವ ಮರ ಕಡಿಯಲಿ, ಇವತ್ತೇ ಕಡಿಯಲಿ. ರಸ್ತೆಗೆ ತಲುಪದ ಮರವನ್ನೂ ರಿಪೇರಿ ಅಂತ ಹೇಳಿ ಸಾಗಿಸಬಾರದು. ನಿಂತ ಒಣಮರದಲ್ಲಿ ಮರಕುಟಿಗ ಗೂಡು ಮಾಡುತ್ತದೆ, ಅದಕ್ಕೂ ಲೆಕ್ಕ ಇದೆ. ರಸ್ತೆ ತೆರೆಯೋದು ಒಂದು ಕೆಲಸ, ನಾಟಾ ಮಾರೋದು ಬೇರೆ ಕೆಲಸ. ಎರಡನ್ನೂ ಗಂಟು ಹಾಕಿದ್ದಕ್ಕೆ ಎರಡೂ ನಿಂತವು.

ಈಗ ನನ್ನವರಿಗೇ ಒಂದು ಮಾತು. ಎಲ್ಲ ಗೇಟು ತೆಗೀರಿ ಅನ್ನೋದು ನ್ಯಾಯ ಅಲ್ಲ. ಸುಟ್ಟ ಜಾಗದಲ್ಲಿ ಎರಡು ಮೂರು ವರ್ಷಕ್ಕೆ ಎಳೇ ಚಿಗುರು, ಪೊದೆ ಬರುತ್ತದೆ. ಓಕ್ ಮರ ಬುಡದಿಂದ ಮತ್ತೆ ಒಡೆಯುತ್ತದೆ. ಜಿಂಕೆ ಅದನ್ನು ಹುಡುಕಿಕೊಂಡು ಬರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಹಾಕುತ್ತಿದ್ದಾಗ ನೋಡಿದ್ದೂ ಇದನ್ನೇ, ಈ ಫೆದರ್ ನದಿ ಸೀಮೆಯ ಮೈದು ಬುಡಕಟ್ಟಿನ ಜನ ಸಣ್ಣ ಸಣ್ಣ ಬೆಂಕಿ ಹಾಕುತ್ತಿದ್ದಾಗ ನೋಡಿದ್ದೂ ಇದನ್ನೇ. ಆದರೆ ಅಲ್ಲಿ ಮರೆ ಇಲ್ಲ. ಮೇಯುವ ಜಿಂಕೆ ಅರ್ಧ ಮೈಲಿ ದೂರದಿಂದ ಕಾಣುತ್ತದೆ. ಅಂಥ ಕಡೆ ಪ್ರತಿಯೊಂದು ಕವಲು ದಾರಿಯಲ್ಲೂ ಗಾಡಿ ಓಡಾಡಿದರೆ ಜಿಂಕೆಗೆ ಬದುಕು ಎಲ್ಲಿದೆ? ರಸ್ತೆಯಿಂದ ಗುಂಡು ಹೊಡೆಯೋದು ಕಾನೂನಿಗೆ ವಿರುದ್ಧ, ಸರಿ. ರಸ್ತೆಯಿಂದ ಕಂಡು, ಇಳಿದು, ಐವತ್ತು ಹೆಜ್ಜೆ ನಡೆದು ಹೊಡೆದರೆ ಅದನ್ನು ಬೇಟೆ ಅನ್ನೋಕೆ ನನಗೆ ಮನಸ್ಸು ಬರಲ್ಲ.

ನಾನು ಕೇಳೋದು ಇಷ್ಟು. ಬೆಟ್ಟದ ಮೇಲೆ ಹೋಗುವ ಮುಖ್ಯ ರಸ್ತೆಯನ್ನು ಮೊದಲು ಸರಿ ಮಾಡಿ ತೆರೆಯಿರಿ. ತಾತನಂಥವರಿಗೆ ಆ ರಸ್ತೆ ಬಿಟ್ಟರೆ ಕಾಡು ಅನ್ನೋದೇ ಇಲ್ಲ. ಮಂಡಿ ಇಲ್ಲದವರಿಗೆ, ಗಾಲಿ ಕುರ್ಚಿಯವರಿಗೆ ನಡೆದು ಹೋಗಿ ಅಂದರೆ ಬರಬೇಡಿ ಅಂದ ಹಾಗೆಯೇ. ಕವಲು ದಾರಿಗಳಿಗೆ ಗಾಡಿ ಬಿಡಬೇಡಿ, ಕಾಲ್ನಡಿಗೆಗೆ ಬಿಡಿ. ಪ್ರತಿ ಗೇಟಿನ ಮೇಲೆ ಏನು ಕೆಟ್ಟಿದೆ, ಯಾವಾಗ ಸರಿ ಆಗುತ್ತದೆ ಅಂತ ಬರೆಯಿರಿ. ಚರಂಡಿ ಕೆರೆಯೋಕೆ, ಕಲ್ಲು ಎತ್ತೋಕೆ ನಾವು ಬರುತ್ತೇವೆ. ರಾಷ್ಟ್ರೀಯ ಅರಣ್ಯದಲ್ಲಿ ಸ್ವಯಂಸೇವಕರು ಕೆಲಸ ಮಾಡಬಹುದು ಅನ್ನೋ ಕಾನೂನೂ 1972ರಲ್ಲೇ ಬಂದಿದೆ. ಸುಟ್ಟ ಮರ ಬೀಳಿಸೋದು ತರಬೇತಿ ಆದವರ ಕೆಲಸ, ಅದಕ್ಕೆ ನಾವು ಕೈ ಹಾಕಲ್ಲ. ಮತ್ತೆ, ಮುಚ್ಚಿದೆ ಅಂತ ಇರುವಷ್ಟು ದಿನ ಯಾರೂ ಗೇಟಿನ ಪಕ್ಕ ನುಸುಳಬೇಡಿ. ಟ್ಯಾಗ್ ಎಷ್ಟು ವರ್ಷಕ್ಕೆ ಸಿಕ್ಕಿದ್ದೇ ಆಗಲಿ. ನಿಮ್ಮ ಮೇಲೆ ಮರ ಬಿದ್ದರೆ ಎತ್ತೋಕೆ ಬರುವವನಿಗೂ ಹೆಂಡತಿ ಮಕ್ಕಳಿದ್ದಾರೆ.

2024ರ ಜುಲೈನಲ್ಲಿ ಪಾರ್ಕ್ ಬೆಂಕಿ ಬಂತು. ಪಕ್ಕದ ಸೀಮೆಯಲ್ಲೇ 4,29,000 ಎಕರೆ ಮೇಲೆ ಸುಟ್ಟಿತು. ಮತ್ತೆ ಅದೇ ಜಗಳ ಶುರುವಾಯಿತು. ಇನ್ನೂ ಬರುತ್ತವೆ. ಅದಕ್ಕೇ ಈಗಲೇ ಇದನ್ನೆಲ್ಲ ಕೂತು ಮಾತಾಡಿ ಅಂತಿರೋದು.

ಕಳೆದ ಸೀಸನ್‌ನಲ್ಲಿ ಅದೇ ಗೇಟಿಗೆ ಹೋಗಿದ್ದೆವು. ಐದು ಬೀಗ ಹಾಗೇ ಇತ್ತು. ಆದರೆ ಹಳೇ ಆದೇಶ ಹೋಗಿ ಹೊಸದು ಬಂದಿತ್ತು. ಗಾಡಿಗೆ ಮಾತ್ರ ನಿಷೇಧ, ನಡೆದು ಹೋಗಬಹುದು. ತಾತ ಗೇಟಿನ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತರು. ಹೋಗಿ ಬಾರಮ್ಮ, ನಾನಿಲ್ಲೇ ಇರ್ತೀನಿ ಅಂದರು. ಎರಡೂವರೆ ಮೈಲಿ ಒಳಗೆ ಹೋದೆ. ಜಿಂಕೆ ಸಿಗಲಿಲ್ಲ. ಸಂಜೆ ವಾಪಸ್ ಬಂದಾಗ ಅವರು ಜಿಂಕೆಯ ಸುದ್ದಿ ಎತ್ತಲಿಲ್ಲ. ರಸ್ತೆ ಹೇಗಿದೆ ಅಂದರು.

ಚೆನ್ನಾಗೇ ಇದೆ, ಒಂದೇ ಒಂದು ಕಡೆ ಹಳ್ಳದ ಹತ್ತಿರ ಕೊಚ್ಚಿಹೋಗಿದೆ, ಮೋರಿ ಕಟ್ಟಿಕೊಂಡಿದೆ ಅಂದೆ. ಫೋನಿನಲ್ಲಿ ತೆಗೆದ ಫೋಟೋ ತೋರಿಸಿದೆ. ಕನ್ನಡಕ ಮೇಲೆತ್ತಿ, ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದರು. ಪೈಪು ಸುಟ್ಟಿಲ್ಲ, ಕಬ್ಬಿಣದ್ದು, ಬಾಯಿಗೆ ಎರಡು ಕೊರಡು ಅಡ್ಡ ಬಿದ್ದು ಮಣ್ಣು ತುಂಬಿದೆ ಅಂದರು. ಇನ್ನೊಂದು ಸಲ ನೋಡಿದರು.

"ಒಂದು ಜೆಸಿಬಿ, ಇಬ್ಬರು ಆಳು, ಎರಡು ಲೋಡು ಜಲ್ಲಿ. ಬೆಳಗ್ಗೆ ಶುರು ಮಾಡಿದರೆ ಸಂಜೆಗೆ ಮುಗಿಯುತ್ತೆ."