ನಿಂಬೆಹಣ್ಣಿಗೆ ಹೆದರುವ ಅಡುಗೆಮನೆ

ನಮ್ಮ ಭಾವನ ಹೊಸ ಮನೆಯ ಗೃಹಪ್ರವೇಶಕ್ಕೆ ಹಸು ಬಂದಿತ್ತು. ಬಂದಿದ್ದು ಬಾಗಿಲ ತನಕ. ಹೊಸ್ತಿಲ ಒಳಗೆ ಮುಂಗಾಲು ಇಟ್ಟಿದ್ದೇ ತಡ, ಗೊರಸು ಸರ್ರನೆ ಜಾರಿತು. ಹಸುವಿಗೆ ಬುದ್ಧಿ ಇತ್ತು, ವಾಪಸ್ ತಿರುಗಿತು. ಪುರೋಹಿತರು ಬಿಡಲಿಲ್ಲ. ಗೋಣಿಚೀಲ ಹಾಸಿ, ಕರುವನ್ನು ಮುಂದೆ ಬಿಟ್ಟು, ಹೇಗೋ ಒಳಗೆ ಕರೆತಂದರು. ಹಸು ಮನೆಯೊಳಗೆ ಸಗಣಿ ಹಾಕಿದರೆ ಶುಭ ಅಂತ ನೆಂಟರೆಲ್ಲ ಕಾಯುತ್ತಿದ್ದರು. ಭಾವ ಮಾತ್ರ ಬಕೆಟ್ ಹಿಡಿದು ಅದರ ಬಾಲದ ಹಿಂದೆ ನಿಂತಿದ್ದರು. ಗಂಜಲ ಬಿದ್ದರೆ ಕಲೆ ಆಗುತ್ತಂತೆ.

ಯಾಕಂದರೆ ನೆಲ ಇಟಲಿಯದು.

ಆಮೇಲೆ ಹಾಲು ಉಕ್ಕಿಸುವ ಶಾಸ್ತ್ರ. ಅಡುಗೆಮನೆಯ ಬಿಳಿ ಮಾರ್ಬಲ್ ಮೇಲೆ ರಟ್ಟು, ರಟ್ಟಿನ ಮೇಲೆ ಪ್ಲೈವುಡ್, ಪ್ಲೈವುಡ್ ಮೇಲೆ ದೊಡ್ಡ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಮೂರು ಇಟ್ಟಿಗೆ, ಇಟ್ಟಿಗೆ ಮೇಲೆ ಪಾತ್ರೆ. ಹಾಲು ಉಕ್ಕಬೇಕು, ಆದರೆ ಚೆಲ್ಲಬಾರದು. ಅಕ್ಕನ ಅತ್ತೆಗೆ ತಡೆಯಲಾಗಲಿಲ್ಲ. "ಲೋ, ಇಷ್ಟೆಲ್ಲ ಹಾಸೋದಿದ್ರೆ ಕೆಳಗೆ ಆ ಕಲ್ಲು ಯಾಕೆ ಹಾಕಿಸಿದೆಯೋ?" ಅಂದರು. ಭಾವ ಕೇಳಿಸದವರ ಹಾಗೆ ಹಾಲನ್ನೇ ನೋಡುತ್ತಿದ್ದರು.

ಈ ಕಲ್ಲು ಆರಿಸುವಾಗ ನಾನೂ ಜೊತೆಗಿದ್ದೆ. ಹಾಗಾಗಿ ಪಾಪದಲ್ಲಿ ನನಗೂ ಪಾಲಿದೆ. ಜಿಗಣಿ ಕಡೆ ಒಂದು ಅಂಗಡಿ. ಸ್ಲ್ಯಾಬುಗಳನ್ನು ಸಾಲಾಗಿ ಒರಗಿಸಿ ನಿಲ್ಲಿಸಿದ್ದರು. ಅಂಗಡಿಯ ಹುಡುಗ ಬಾಟಲಿಯಿಂದ ಕಲ್ಲಿನ ಮೇಲೆ ನೀರು ಚಿಮುಕಿಸುತ್ತಿದ್ದ. ನೆನೆದರೆ ಯಾವ ಕಲ್ಲಾದರೂ ಚೆಂದವೇ. ಭಾವ ಒಂದು ಕೆಂಪು ಕಲ್ಲಿನ ಮುಂದೆ ನಿಂತು "ಇದು ಯಾವುದಪ್ಪಾ?" ಅಂದರು.

"ಅದು ಲೋಕಲ್ ಸಾರ್, ಇಳಕಲ್ಲು."

"ಆ ಕರಿದು?"

"ಅದೂ ಲೋಕಲ್ಲೇ. ಚಾಮರಾಜನಗರ."

ಆ ಹುಡುಗ 'ಲೋಕಲ್' ಅಂದ ಧಾಟಿಯಲ್ಲೇ ಎರಡೂ ಕಲ್ಲಿನ ಕತೆ ಮುಗಿಯಿತು. ಚಾಮರಾಜನಗರದ ಆ ಕರಿಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತೆ. ಅಲ್ಲಿನವರು ಅದನ್ನು 'ಇಂಡಿಯಾದಿಂದ ತರಿಸಿದ್ದು' ಅಂತ ನೆಂಟರಿಗೆ ತೋರಿಸುತ್ತಾರೋ ಏನೋ. ನಮ್ಮ ಕಲ್ಲು ಹೊತ್ತ ಹಡಗು, ಭಾವನ ಕಲ್ಲು ಹೊತ್ತ ಹಡಗು ನಡು ಸಮುದ್ರದಲ್ಲಿ ಎದುರುಬದುರಾಗಿ ಹಾರನ್ ಹೊಡೆದುಕೊಂಡು ಹೋಗಿರಬೇಕು.

ಇನ್ನೂ ಒಂದು ಮಾತು ಹೇಳಲೇಬೇಕು. ಪಾಯ ತೆಗೆಸುವಾಗ ಸೈಟಿನಲ್ಲಿ ಬಂಡೆ ಸಿಕ್ಕಿತ್ತು. ಬೆಂಗಳೂರಿನಲ್ಲಿ ಅದೇನು ಹೊಸದಲ್ಲ. ಲಾಲ್‌ಬಾಗಿನ ಬಂಡೆಗೇ ಸುಮಾರು 300 ಕೋಟಿ ವರ್ಷ ವಯಸ್ಸು, ಜನ ಅದರ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾರೆ. ಭಾವ ತಮ್ಮ ಪಾಲಿಗೆ ಬಂದ ಬಂಡೆಯನ್ನು ದುಡ್ಡು ಕೊಟ್ಟು ಒಡೆಸಿದರು, ಟ್ರಾಕ್ಟರಿಗೆ ದುಡ್ಡು ಕೊಟ್ಟು ಸಾಗಿಸಿದರು. ಆಮೇಲೆ ಕಲ್ಲು ತರಿಸೋಕೆ ಚದರ ಅಡಿಗೆ 800 ರೂಪಾಯಿ ಕೊಟ್ಟರು.

ಅಂಗಡಿಯವನು ಡೇವಿಡ್ ವಿಗ್ರಹದ ಫೋಟೋ ತೋರಿಸಿದ. ಮೈಕೆಲೇಂಜೆಲೊ ಕೆತ್ತಿದ್ದೂ ಇಟಲಿಯ ಕರಾರಾ ಊರಿನ ಮಾರ್ಬಲ್‌ನಲ್ಲೇ ಅಂದ. ನಿಜವೇ. 500 ವರ್ಷ ಕಳೆದರೂ ಡೇವಿಡ್ ನಿಂತೇ ಇದ್ದಾನೆ. ಆದರೆ ಅವನ ಪಾದದ ಹತ್ತಿರ ಯಾರೂ ಚಿತ್ರಾನ್ನ ಕಲಸಿಲ್ಲ ಅನ್ನೋದನ್ನ ಅಂಗಡಿಯವನು ಹೇಳಲಿಲ್ಲ.

ಮಾರ್ಬಲ್ ಅಂದರೆ ಬೇರೇನಲ್ಲ, ಸುಣ್ಣದ ಕಲ್ಲೇ ಭೂಮಿಯ ಒಳಗೆ ಬೆಂದು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದದ್ದು. ಅದಕ್ಕೆ ಹುಳಿ ಆಗಿಬರಲ್ಲ. ನಿಂಬೆರಸ ಬಿದ್ದ ಕಡೆ ಕಲ್ಲಿನ ಮೇಲ್ಮೈಯೇ ಸವೆದು ಹೊಳಪು ಹೋಗುತ್ತೆ. ಅದು ಕಲೆ ಅಲ್ಲ, ಗಾಯ. ಎಷ್ಟು ಒರೆಸಿದರೂ ಹೋಗಲ್ಲ, ಮತ್ತೆ ಪಾಲಿಶ್ ಹೊಡೆಸಬೇಕು. ಸೀಲರ್ ಬಳಿದರೆ ಎಣ್ಣೆ, ಅರಿಶಿನ ಇಳಿಯುವುದು ಸ್ವಲ್ಪ ತಡ ಆಗುತ್ತೆ ಅಷ್ಟೇ, ಹುಳಿಯನ್ನು ಅದು ತಡೆಯಲ್ಲ. ನಮ್ಮ ಊಟದಲ್ಲೋ, ಹುಳಿ ಅನ್ನೋದು ರುಚಿಯ ಹೆಸರೂ ಹೌದು, ಅಡುಗೆಯ ಹೆಸರೂ ಹೌದು. ಸಾರಿಗೆ ಹುಣಸೆ, ಗೊಜ್ಜಿಗೆ ಹುಣಸೆ, ಟೊಮೆಟೊ, ಮೊಸರು, ಮಜ್ಜಿಗೆ ಹುಳಿ. ಇಂಥ ಅಡುಗೆಮನೆಗೆ ಮಾರ್ಬಲ್ ಹಾಕಿಸೋದು ಅಂದರೆ ಉಪ್ಪಿನಕಾಯಿ ಭರಣಿಗೆ ರೇಷ್ಮೆ ಅಂಗಿ ಹೊಲಿಸಿದ ಹಾಗೆ.

ಹಾಗೆ ನೋಡಿದರೆ ನಮ್ಮ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು ಕೂಡ ಸುಣ್ಣದ ಕಲ್ಲಿನ ಕುಲದವೇ. ಹುಳಿ ಬಿದ್ದರೆ ಅವಕ್ಕೂ ಗುರುತು ಬೀಳುತ್ತೆ. ಆದರೆ ಕನ್ನಡಿ ಥರ ಹೊಳೆಯಬೇಕು ಅನ್ನೋ ಜಂಬ ಅವಕ್ಕೆ ಎಲ್ಲಿತ್ತು? ಕಲಬುರಗಿ ಕಡೆ ಹಳೆ ಮನೆಗಳಲ್ಲಿ ಅಜ್ಜಿಯರು ಅದರ ಮೇಲೇ ಕೂತು ಮಾವಿನಕಾಯಿ ಹೆಚ್ಚಿದರು, ಖಾರ ಕುಟ್ಟಿದರು. ಕಲ್ಲಿಗೆ ಸಾವಿರ ಗುರುತು ಬಿದ್ದಿದ್ದರಿಂದ ಯಾವ ಗುರುತೂ ಕಾಣುತ್ತಿರಲಿಲ್ಲ. ಬೇಸಿಗೆಯಲ್ಲಿ ಊಟ ಆದ ಮೇಲೆ ಅಲ್ಲೇ ಬರೀ ನೆಲದ ಮೇಲೆ ಮಲಗುತ್ತಿದ್ದರು.

ಹುಳಿಗೆ ಜಗ್ಗದ ಕಲ್ಲು ಗ್ರಾನೈಟ್. ಭಾವ ಅದನ್ನೂ ತಂದಿದ್ದಾರೆ. ಎಲ್ಲಿ ಹಾಕಿಸಿದ್ದಾರೆ ಗೊತ್ತಾ? ಕಾರ್ ಪಾರ್ಕಿಂಗ್‌ನಲ್ಲಿ. ಜಾರಬಾರದು ಅಂತ ಬೆಂಕಿ ಹಾಯಿಸಿ ತರಿ ಮಾಡಿಸಿದ ಒಳ್ಳೆಯ ಬೂದು ಕಲ್ಲು. ಕಾರು ಜಾರಬಾರದು. ಕೈಯಲ್ಲಿ ಬಿಸಿ ಸಾರಿನ ಪಾತ್ರೆ ಹಿಡಿದ ಅಕ್ಕ ಜಾರಿದರೆ ಪರವಾಗಿಲ್ಲ.

ಅಕ್ಕ ಜಾರಲ್ಲ ಬಿಡಿ. ಆ ಅಡುಗೆಮನೆಯಲ್ಲಿ ಅವಳು ಅಡುಗೆ ಮಾಡಿದರೆ ತಾನೇ. ಮನೆಯಲ್ಲಿ ಈಗ ಎರಡು ಅಡುಗೆಮನೆ. ಒಂದು ಡ್ರೈ ಕಿಚನ್, ಇನ್ನೊಂದು ವೆಟ್ ಕಿಚನ್. ಡ್ರೈ ಕಿಚನ್‌ನಲ್ಲಿ ಇಟಲಿ ಮಾರ್ಬಲ್, ಒಂದು ಕಾಫಿ ಮಷೀನು, ಒಂದು ಬುಟ್ಟಿಯಲ್ಲಿ ನಿಂಬೆಹಣ್ಣು. ನಿಂಬೆಹಣ್ಣು ಪ್ಲಾಸ್ಟಿಕ್‌ನದು, ಕೈಯಲ್ಲಿ ಹಿಡಿದು ನೋಡಿದೆ. ವೆಟ್ ಕಿಚನ್ ಅಂದರೆ ಹಿಂದಿನ ಯುಟಿಲಿಟಿ. ಎಂಟಡಿಗೆ ಐದಡಿ. ಕುಕ್ಕರ್ ಕೂಗೋದು, ಒಗ್ಗರಣೆ ಸಿಡಿಯೋದು, ಪಾತ್ರೆ ತೊಳೆಯೋದು ಎಲ್ಲ ಅಲ್ಲೇ. ಅಲ್ಲಿಯ ನೆಲಕ್ಕೆ, ಹಳೆ ಮನೆ ಕೆಡವಿದಾಗ ಉಳಿದ ಕಡಪ ಕಲ್ಲು.

ಮೊನ್ನೆ ಹೋಗಿದ್ದೆ. ಅಕ್ಕನ ಅತ್ತೆ ಆ ಕಡಪದ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಡ್ರೈ ಕಿಚನ್‌ನಲ್ಲಿ ಏನೋ ಬದಲಾದ ಹಾಗೆ ಕಂಡಿತು. ನೆಲದ ನಡುವೆ ಒಂದು ಚಾಪೆ.

"ಇದೇನಕ್ಕ?"

"ಯಾರೋ ಜ್ಯೂಸ್ ಚೆಲ್ಲಿದ್ರು ಕಣೋ. ಲೋಟದಷ್ಟು ಅಗಲಕ್ಕೆ ಹೊಳಪು ಹೋಯ್ತು. ಪಾಲಿಶ್‌ನವರನ್ನ ಕರೆದ್ರೆ ಪೂರ್ತಿ ರೂಮಿಗೇ ಹೊಡೀಬೇಕು ಅಂದ್ರು. ನಿಮ್ ಭಾವ ರೇಟ್ ಕೇಳಿ ಇದನ್ನ ತಂದ್ರು."

ಬಗ್ಗಿ ನೋಡಿದೆ. ಪ್ಲಾಸ್ಟಿಕ್ ಚಾಪೆ, 350 ರೂಪಾಯಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಮೇಲೆ ಬಿಳಿ ಮಾರ್ಬಲಿನ ಡಿಸೈನ್.