ಹೊಸ್ತಿಲಲ್ಲಿ ಕಿರೀಟವಿರುವ ಪಬ್ಬು

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಗ್ರೇಟ್ ವಿಕ್ಟೋರಿಯಾ ಸ್ಟ್ರೀಟಿನಲ್ಲಿರುವ ಕ್ರೌನ್ ಲಿಕ್ಕರ್ ಸಲೂನ್ ಎಂಬ ಪಬ್ಬಿನಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆಗಳ ಕಾಲ ಕುಳಿತಿದ್ದೆ. ನಾನು ಕುಡಿಯುವವನಲ್ಲ. ಆ ಊರಿನಲ್ಲೇ ನೆಲೆಸಿರುವ ಗೆಳೆಯರೊಬ್ಬರು ಹಟ ಹಿಡಿದು ಕರೆದುಕೊಂಡು ಹೋಗಿದ್ದರು; ಅವರ ಮುಂದೆ ಗಿನ್ನೆಸ್ ಬಿಯರಿನ ಲೋಟವಿತ್ತು, ನನ್ನ ಮುಂದೆ ನಿಂಬೆಹಣ್ಣಿನ ಸೋಡಾ ಇತ್ತು. ಹೆಂಡದಂಗಡಿಯ ಬಗ್ಗೆ ಇಷ್ಟುದ್ದ ಬರೆಯಬೇಕೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಹಳೆಯ ಕಟ್ಟಡವನ್ನು ಉಳಿಸುತ್ತೇವೆ ಎನ್ನುವಾಗ ನಾವು ನಿಜಕ್ಕೂ ಅದರಲ್ಲಿ ಏನನ್ನು ಉಳಿಸುತ್ತಿದ್ದೇವೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿತ್ತು, ಅದಕ್ಕೆ ಯಾವ ಅರಮನೆಯಲ್ಲೂ ಸಿಗದ ಉತ್ತರ ನನಗೆ ಸಿಕ್ಕಿದ್ದು ಅಲ್ಲಿ. ಹೀಗಾಗಿ ಬರೆಯುತ್ತಿದ್ದೇನೆ.

ಪಬ್ಬಿನ ಚರಿತ್ರೆಯನ್ನು ಫೆಲಿಕ್ಸ್ ಓಹ್ಯಾನ್ಲನ್ ಎಂಬಾತ 1826ರಲ್ಲಿ ತೆರೆದ ರೈಲ್ವೆ ಟ್ಯಾವರ್ನ್‌ನಿಂದ ಆರಂಭಿಸುವುದು ವಾಡಿಕೆ. ಆದರೆ ಆ ಬೀದಿಯ ರೈಲು ನಿಲ್ದಾಣ ತೆರೆದದ್ದು 1839ರಲ್ಲಿ. ಬಾರದ ರೈಲಿನ ಹೆಸರನ್ನು ಹದಿಮೂರು ವರ್ಷ ಮೊದಲೇ ಯಾರು ತಾನೇ ಇಟ್ಟಾರು? ಹೆಸರು ಆಮೇಲೆ ಅಂಟಿಕೊಂಡಿರಬೇಕು. ಮುಂದೆ ಅದು ಫ್ಲ್ಯಾನಿಗನ್ ಮನೆತನದ ಕೈಗೆ ಬಂತು. ನಾವು ಇಂದು ಕಾಣುವ ವೈಭವವೆಲ್ಲ 1885ರಿಂದೀಚೆಗೆ ಪ್ಯಾಟ್ರಿಕ್ ಫ್ಲ್ಯಾನಿಗನ್ ಮಾಡಿಸಿದ್ದು. ಆಗ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಚರ್ಚುಗಳು ಸಾಲುಸಾಲಾಗಿ ಏಳುತ್ತಿದ್ದವು. ಅವುಗಳ ಅಲಂಕಾರಕ್ಕೆಂದು ಬಂದಿದ್ದ ಇಟಲಿಯ ಕುಶಲಕರ್ಮಿಗಳನ್ನು ಒಲಿಸಿಕೊಂಡು, ಹಗಲಿನ ದೇವರ ಕೆಲಸ ಮುಗಿದ ಮೇಲೆ ಸಂಜೆ ತನ್ನ ಪಬ್ಬಿನಲ್ಲಿ ದುಡಿಸಿಕೊಂಡನೆಂದು ಊರಿನವರು ಹೇಳುತ್ತಾರೆ. ಈ ಮಾತಿಗೆ ದಾಖಲೆ ಎಷ್ಟಿದೆಯೋ, ಒಳಗೆ ಕಾಲಿಟ್ಟವರಿಗೆ ಅದನ್ನು ನಂಬದೆ ಇರುವುದು ಕಷ್ಟ. ಕೆಂಪು ಗ್ರಾನೈಟ್ ಹಾಸಿದ ಉದ್ದನೆಯ ಕೌಂಟರ್ ಚರ್ಚಿನ ಪೂಜಾವೇದಿಕೆಯನ್ನೇ ಹೋಲುತ್ತದೆ. ಚಳಿಯ ದೇಶವಾದ್ದರಿಂದ ನಿಂತು ಕುಡಿಯುವವರ ಕಾಲಿಗೆ ಬೆಚ್ಚಗಿರಲೆಂದು ಅದರ ಕೆಳಗೆ ಬಿಸಿಯಾಗುವ ಕಾಲ್ಮಣೆಯನ್ನೂ ಕೂಡಿಸಿದ್ದರು. ಮೇಲೆ ಗ್ಯಾಸ್ ದೀಪಗಳ ಹಳದಿ ಬೆಳಕು, ಕೆತ್ತನೆಯ ಚಾವಣಿ, ಚಿನ್ನದ ಬಣ್ಣದ ಗರಿಗಳ ಬೋದಿಗೆ ಹೊತ್ತ ಮರದ ಕಂಬಗಳು. ಕೆಳಗೆ ಸಣ್ಣ ಸಣ್ಣ ಬಿಲ್ಲೆಗಳ ಮೊಸಾಯಿಕ್ ನೆಲ. ಕಿಟಕಿಯ ಬಣ್ಣದ ಗಾಜಿನಲ್ಲಿ ಕಿನ್ನರಿಯರು, ವಿದೂಷಕರು, ಅನಾನಸ್ ಹಣ್ಣುಗಳು. ಈ ಗಾಜು ಬರೀ ಚೆಂದಕ್ಕೆ ಹಾಕಿದ್ದಲ್ಲ, ಒಳಗೆ ಕುಳಿತವರು ಯಾರೆಂದು ಬೀದಿಯಲ್ಲಿ ಹೋಗುವವರಿಗೆ ತಿಳಿಯಬಾರದೆಂಬ ಲೆಕ್ಕಾಚಾರವೂ ಅದರಲ್ಲಿತ್ತು.

ಆ ಲೆಕ್ಕಾಚಾರದ ಮುಂದುವರಿಕೆಯೇ ಸ್ನಗ್. ಕೌಂಟರಿನ ಎದುರು ಬದಿಯಲ್ಲಿ, ಇಂಗ್ಲಿಷ್ ವರ್ಣಮಾಲೆಯ ಎ ಯಿಂದ ಜೆ ವರೆಗೆ ಗುರುತು ಹಾಕಿದ ಹತ್ತು ಪುಟ್ಟ ಮರದ ಕೋಣೆಗಳು ಇವೆ. ಪ್ರತಿಯೊಂದಕ್ಕೂ ಬಾಗಿಲಿದೆ, ಬಾಗಿಲ ಕಂಬದ ತುದಿಯಲ್ಲಿ ಗುರಾಣಿ ಹಿಡಿದ ಸಿಂಹವೋ, ಹದ್ದಿನ ತಲೆಯ ಸಿಂಹದ ಮೈಯ ಗ್ರಿಫಿನ್ನೋ ಕಾವಲು ಕುಳಿತಿರುತ್ತದೆ. ನಮ್ಮ ಗುಡಿಗಳ ಯಾಳಿಯನ್ನು ನೋಡಿ ಬೆಳೆದ ನನಗೆ ಗ್ರಿಫಿನ್ ಅಪರಿಚಿತವೆನಿಸಲಿಲ್ಲ. ಒಳಗೆ ಎದುರುಬದುರಾಗಿ ಬೆಂಚುಗಳು, ಬೆಂಕಿಕಡ್ಡಿ ಗೀರುವುದಕ್ಕೆಂದೇ ಕೂಡಿಸಿದ ಗನ್‌ಮೆಟಲ್ ತಗಡು, ಪರಿಚಾರಕನನ್ನು ಕರೆಯುವ ಗಂಟೆಯ ಗುಂಡಿ. ಗುಂಡಿ ಒತ್ತಿದರೆ ಯಾವ ಕೋಣೆಯ ಕರೆ ಎಂಬುದು ಹೊರಗಿನ ಫಲಕದಲ್ಲಿ ತಿಳಿಯುತ್ತಿತ್ತು. ಒಮ್ಮೆ ಬಾಗಿಲು ಹಾಕಿಕೊಂಡರೆ ಪಕ್ಕದ ಕೋಣೆಯಲ್ಲಿ ಕುಳಿತವರೂ ಕಾಣುವುದಿಲ್ಲ. ನಮ್ಮ ಹಳೆಯ ಉಡುಪಿ ಹೋಟೆಲುಗಳಲ್ಲಿ ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮ್ ನೆನಪಿರುವವರಿಗೆ ಈ ಏರ್ಪಾಡು ತಕ್ಷಣ ಅರ್ಥವಾದೀತು. ಹತ್ತು ಮಂದಿಯ ಕಣ್ಣಿಗೆ ಬೀಳುವಂತೆ ಕುಡಿಯಲು ಹಿಂಜರಿಯುವ ಮರ್ಯಾದಸ್ಥರಿಗೆ, ಅದರಲ್ಲೂ ಪಬ್ಬಿನ ನಡುವೆ ಕುಳಿತರೆ ಹೆಸರು ಕೆಡುತ್ತಿದ್ದ ಹೆಂಗಸರಿಗೆ, ಐರ್ಲೆಂಡಿನಲ್ಲಿ ಸ್ನಗ್ ಒಂದು ಮರೆಯಾಗಿತ್ತು.

ನನ್ನ ವಾದವಿರುವುದು ಇಲ್ಲಿಯೇ. ವಿಕ್ಟೋರಿಯಾ ಕಾಲದ ಪಬ್ಬು ಎಂದೊಡನೆ ಎಲ್ಲರೂ ಹೊಗಳುವುದು ಗಾಜು, ಕನ್ನಡಿ, ಹೆಂಚುಬಿಲ್ಲೆಗಳನ್ನು. ಆದರೆ ಆ ಕಾಲದ ಪಬ್ಬಿನ ಜೀವ ಇದ್ದದ್ದು ಅದರ ಅಡ್ಡಗೋಡೆಗಳಲ್ಲಿ. ಅಂದಿನ ಬ್ರಿಟನ್ನಿನ ಸಾಮಾನ್ಯ ಪಬ್ಬೊಂದು ಒಂದೇ ಹಜಾರವಾಗಿರಲಿಲ್ಲ. ಕೂಲಿಯವರಿಗೆ ಪಬ್ಲಿಕ್ ಬಾರ್, ಒಂದೆರಡು ಕಾಸು ಹೆಚ್ಚು ತೆರುವವರಿಗೆ ಸಲೂನ್ ಬಾರ್, ಮನೆಗೆ ಒಯ್ಯುವವರಿಗೆ ಜಗ್ ಆ್ಯಂಡ್ ಬಾಟಲ್ ಎಂಬ ಕಿಂಡಿ, ಹೀಗೆ ಒಂದೇ ಕೌಂಟರಿನ ಸುತ್ತ ಹಲವು ಲೋಕಗಳು ಒಂದರ ಬೆನ್ನಿಗೊಂದು ಅಂಟಿಕೊಂಡಿದ್ದವು. ಇಪ್ಪತ್ತನೆಯ ಶತಮಾನದಲ್ಲಿ, ಎರಡನೆಯ ಮಹಾಯುದ್ಧದ ನಂತರವಂತೂ, ಇವುಗಳನ್ನು ಕಿತ್ತೊಗೆಯುವುದು ರೂಢಿಯಾಯಿತು. ಎಲ್ಲ ಮೂಲೆಗಳೂ ಒಂದೇ ನೋಟಕ್ಕೆ ಸಿಗಬೇಕೆಂದು ಪರವಾನಗಿ ಕೊಡುವವರು ಬಯಸಿದರು, ಕಡಿಮೆ ಜನರನ್ನಿಟ್ಟು ಹೆಚ್ಚು ಗಿರಾಕಿಗಳನ್ನು ನಿಭಾಯಿಸಬೇಕೆಂದು ಬಿಯರ್ ಕಂಪನಿಗಳು ಬಯಸಿದವು. ಎಷ್ಟೋ ಕಡೆ ಕನ್ನಡಿಗಳು ಉಳಿದವು, ಗೋಡೆಗಳು ಹೋದವು. ಲಂಡನ್ನಿನ ಹೈ ಹೋಬರ್ನ್‌ನಲ್ಲಿರುವ ಪ್ರಿನ್ಸೆಸ್ ಲೂಯಿಸ್ ಎಂಬ ಪಬ್ಬಿನಲ್ಲಿ 1891ರ ಅಪರೂಪದ ಅಲಂಕಾರವೆಲ್ಲ ಇದ್ದೂ ಅಡ್ಡಗೋಡೆಗಳು ಮಾತ್ರ ಇಲ್ಲದಾಗಿದ್ದವು. 2007-08ರ ದುರಸ್ತಿಯಲ್ಲಿ ಅವುಗಳನ್ನು ಹೊಸದಾಗಿ ಮಾಡಿಸಿ ನಿಲ್ಲಿಸಿದ ಮೇಲೆ ಆ ಕನ್ನಡಿಗಳು ಅಲ್ಲೇಕಿವೆ ಎಂಬುದಕ್ಕೆ ಅರ್ಥ ಬಂತು. ಇಕ್ಕಟ್ಟಾದ ಗೂಡಿನಲ್ಲಿ ಕುಳಿತವನಿಗೆ ಜಾಗ ದೊಡ್ಡದೆನಿಸಲು ಕನ್ನಡಿ ಬೇಕು, ಬಟ್ಟಬಯಲಾದ ಹಜಾರದಲ್ಲಿ ಅದು ಕೇವಲ ಒಡವೆ.

ಆ ಗೋಡೆಗಳು ವರ್ಗಭೇದದ ಗೋಡೆಗಳು, ಹೆಂಗಸರನ್ನು ಬಚ್ಚಿಟ್ಟ ಗೋಡೆಗಳು, ಅವನ್ನು ಕಾಪಾಡಿ ಏನಾಗಬೇಕು ಎಂದು ಗೆಳೆಯರು ಕೇಳಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಬಣ್ಣದ ಗಾಜನ್ನಷ್ಟೇ ಉಳಿಸಿ ಆ ಕೋಣೆಗಳನ್ನು ಒಡೆದುಬಿಟ್ಟಿದ್ದರೆ, ಕ್ರೌನ್‌ಗೆ ಬರುವವರು ಅಂದಿನ ಜನ ಬಹಳ ಸೌಂದರ್ಯಪ್ರಿಯರು ಎಂದಷ್ಟೇ ತಿಳಿದು ಹೋಗುತ್ತಿದ್ದರು, ಅಂದಿನ ಹೆಂಗಸೊಬ್ಬಳು ಒಂದು ಲೋಟ ಕುಡಿಯಲು ಎಷ್ಟು ಮರೆ ಹುಡುಕಬೇಕಿತ್ತು ಎಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ.

ಕ್ರೌನ್ ಉಳಿದದ್ದು ಸುಲಭವಾಗಿಯೇನಲ್ಲ. ಬೀದಿಯ ಆಚೆ ಬದಿಯಲ್ಲಿ 1971ರಲ್ಲಿ ತೆರೆದ ಯುರೋಪಾ ಹೋಟೆಲ್, ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ, ಬಹುಪಾಲು ಪ್ರಾಟೆಸ್ಟಂಟರಾದವರಿಗೂ ಐರ್ಲೆಂಡಿನೊಡನೆ ಸೇರಬೇಕೆನ್ನುವ, ಬಹುಪಾಲು ಕ್ಯಾಥೊಲಿಕರಾದವರಿಗೂ ನಡುವೆ ನಡೆದ ಉತ್ತರ ಐರ್ಲೆಂಡಿನ ಸಂಘರ್ಷದ ವರ್ಷಗಳಲ್ಲಿ ಯುರೋಪಿನಲ್ಲೇ ಅತಿ ಹೆಚ್ಚು ಬಾಂಬ್ ದಾಳಿಗೆ ತುತ್ತಾದ ಹೋಟೆಲೆಂಬ ಕುಖ್ಯಾತಿ ಪಡೆಯಿತು. ಅಲ್ಲಿ ಸ್ಫೋಟವಾದಾಗಲೆಲ್ಲ ಇಲ್ಲಿ ಗಾಜು ಉದುರುತ್ತಿತ್ತು. ಅಂಥ ಕಾಲದಲ್ಲಿ, 1978ರಲ್ಲಿ, ನ್ಯಾಷನಲ್ ಟ್ರಸ್ಟ್ ಈ ಪಬ್ಬನ್ನು ಕೊಂಡಿತು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ಬ್ರಿಟನ್ನಿನ ಆಸ್ಥಾನಕವಿ ಜಾನ್ ಬೆಟ್ಜಮನ್ ಕೂಡ ಒಬ್ಬರು. ಶ್ರೀಮಂತರ ಬಂಗಲೆಗಳನ್ನೂ ತೋಟಗಳನ್ನೂ ಕಾಯುವ ಸಂಸ್ಥೆಗೆ ಪಬ್ಬು ತೀರ ಹೊಸತೇನಾಗಿರಲಿಲ್ಲ, ಲಂಡನ್ನಿನ ಜಾರ್ಜ್ ಇನ್ 1937ರಲ್ಲೇ ಅದರ ಪಾಲಿಗೆ ಬಂದಿತ್ತು. ಆದರೂ ದಿನ ಬೆಳಗಾದರೆ ಬಾಂಬು ಸಿಡಿಯುವ ಬೀದಿಯಲ್ಲಿ ಗಾಜಿನ ಕಟ್ಟಡವೊಂದನ್ನು ಕೊಳ್ಳಲು ಎದೆಗಾರಿಕೆ ಬೇಕು. 1981ರಲ್ಲಿ ಸುಮಾರು 4 ಲಕ್ಷ ಪೌಂಡ್, 2007ರಲ್ಲಿ ಸುಮಾರು 5 ಲಕ್ಷ ಪೌಂಡ್ ವೆಚ್ಚದಲ್ಲಿ ಜೀರ್ಣೋದ್ಧಾರ ನಡೆಯಿತು. ಟ್ರಸ್ಟ್ ಮಾಡಿದ ಎಲ್ಲಕ್ಕಿಂತ ಒಳ್ಳೆಯ ಕೆಲಸವೆಂದರೆ ಅದನ್ನು ವಸ್ತುಸಂಗ್ರಹಾಲಯ ಮಾಡದೆ ಪಬ್ಬಾಗಿಯೇ ನಡೆಸಲು ಬಾಡಿಗೆಗೆ ಕೊಟ್ಟದ್ದು. ಹಗ್ಗ ಕಟ್ಟಿ "ಮುಟ್ಟಬೇಡಿ" ಎಂದು ಬರೆದ ಸ್ನಗ್‌ನಲ್ಲಿ ಯಾರಿಗೆ ಏನು ತಿಳಿಯುತ್ತದೆ?

ಇಷ್ಟಾಗಿಯೂ ನನ್ನದೊಂದು ಅಸಮಾಧಾನವಿದೆ. ಯಾರ ಕಣ್ಣಿಗೂ ಬೀಳದಿರಲೆಂದು ಕಟ್ಟಿದ ಕೋಣೆಗಳೇ ಇಂದು ಎಲ್ಲರ ಕ್ಯಾಮೆರಾಕ್ಕೂ ಗುರಿಯಾಗಿವೆ. ನಾವಿದ್ದ ಎರಡು ಗಂಟೆಗಳಲ್ಲಿ ನಾಲ್ಕು ಸಲ ಬಾಗಿಲು ತೆರೆದುಕೊಂಡಿತು. ಇಬ್ಬರು ಕ್ಷಮೆ ಕೇಳಿದರು, ಇನ್ನಿಬ್ಬರು ನಮ್ಮನ್ನೂ ಸೇರಿಸಿ ಚಿತ್ರ ತೆಗೆದುಕೊಂಡು ಹೋದರು. ಊರಿನ ಹಳೆಯ ಗಿರಾಕಿಗಳು ಬೇಸಿಗೆಯಲ್ಲಿ ಇತ್ತ ಸುಳಿಯುವುದಿಲ್ಲವೆಂದು ಗೆಳೆಯರು ನಕ್ಕರು. ನಾನೂ ಪ್ರವಾಸಿಯೇ ಆದ್ದರಿಂದ ಈ ದೂರನ್ನು ಹೆಚ್ಚು ಬೆಳೆಸುವ ಹಕ್ಕು ನನಗಿಲ್ಲ.

ಹೊರಡುವಾಗ ಬಾಗಿಲ ಬಳಿ ನೆಲದಲ್ಲಿದ್ದ ಮೊಸಾಯಿಕ್ ಕಿರೀಟವನ್ನು ಗೆಳೆಯರು ತೋರಿಸಿದರು. ಫ್ಲ್ಯಾನಿಗನ್ನನ ಹೆಂಡತಿ ಬ್ರಿಟಿಷ್ ರಾಜಮನೆತನಕ್ಕೆ ನಿಷ್ಠಳಾದ ಪ್ರಾಟೆಸ್ಟಂಟಳು, ಪಬ್ಬಿಗೆ ಕ್ರೌನ್ ಎಂಬ ಹೆಸರೇ ಬೇಕೆಂದು ಪಟ್ಟು ಹಿಡಿದಳಂತೆ. ಕ್ಯಾಥೊಲಿಕನಾದ ಗಂಡ ಒಪ್ಪಿದನಂತೆ, ಆದರೆ ಬಂದವರೆಲ್ಲ ತುಳಿದುಕೊಂಡು ಹೋಗಲೆಂದು ಕಿರೀಟವನ್ನು ನೆಲದಲ್ಲಿ ಹಾಕಿಸಿದನಂತೆ. ಇದು ದಂತಕಥೆಯೇ ಇರಬೇಕು; ಆದರೂ ಆ ಊರಿಗೆ ಇದಕ್ಕಿಂತ ಒಪ್ಪುವ ಕಥೆಯನ್ನು ಯಾರೂ ಕಟ್ಟಲಾರರು. ಕಥೆ ಕೇಳುತ್ತಲೇ ನಾನು ಹೊಸ್ತಿಲು ತುಳಿಯಬಾರದೆಂದು ಅಜ್ಜಿ ಕಲಿಸಿದ ಅಭ್ಯಾಸದಿಂದ ಕಿರೀಟದ ಪಕ್ಕಕ್ಕೆ ಸರಿದು ಹೊರಗೆ ಕಾಲಿಟ್ಟೆ. "ಓ, ನೀವು ರಾಣಿಯ ಕಡೆಯವರು ಅಂತಾಯಿತು," ಎಂದರು ಗೆಳೆಯರು, ತಾವು ಅದರ ನಟ್ಟನಡುವೆ ನಿಂತುಕೊಂಡು ಕೋಟಿನ ಗುಂಡಿ ಹಾಕಿಕೊಳ್ಳುತ್ತ.